ಶ್ವಾಸಕೋಶ ಬಲೂನಲ್ಲ

ಶ್ವಾಸಕೋಶವೆಂದರೆ ಬಲೂನು ಅಲ್ಲ ಎಂಬ ಒಂದು ಸಣ್ಣ ಮಾತನ್ನು ಧಾರವಾಡದ ಮಾಳಮಡ್ಡಿಗೆ ಮನವರಿಕೆ ಮಾಡಿಕೊಡುವ ಕೆಲಸ ತನ್ನ ಪಾಲಿಗೇ ಬಂದಿತಲ್ಲ ಎಂದು ಬಸ್ಸಿನಲ್ಲಿ ಕೂತ ಬುಶ್ರಾಗೆ ನಗು ಬಂತು, ಅದರ ಹಿಂದೆಯೇ ಸ್ವಲ್ಪ ಸೊಕ್ಕೂ ಬಂತು. ಸೊಕ್ಕು ಅವಳಿಗೆ ಹೊಸದಲ್ಲ. ವಿಜ್ಞಾನದ ಪಾಠವನ್ನು ತನ್ನಷ್ಟು ಬಿಡಿಸಿ ಹೇಳುವವರು ಹುಬ್ಬಳ್ಳಿ ಧಾರವಾಡ ಎರಡೂ ಊರು ಸೇರಿಸಿದರೂ ಬೆರಳೆಣಿಕೆಯ ಮಂದಿ ಎಂದು ಅವಳು ನಂಬಿದ್ದಳು, ಹಾಗೆ ನಂಬಲು ಕಾರಣವೂ ಇತ್ತು. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದೊಳಗೆ ಮದುವೆಯಲ್ಲಿ ಬಂದ ದೊಡ್ಡ ಸ್ಟೀಲಿನ ಡಬ್ಬಿ, ಡಬ್ಬಿಯೊಳಗೆ ಒಂದು ಆಡಿನ ಎರಡೂ ಶ್ವಾಸಕೋಶ, ಗಂಟಲ ಕೊಳವೆಯ ಸಮೇತ. ಕಾಲಿನ ಹತ್ತಿರ ಕಾಗದದಲ್ಲಿ ಸುತ್ತಿದ ಹೊಸ ಕಾಲುಪಂಪು. ಚಿಗರಿ ಬಸ್ಸಿನ ಎ.ಸಿ. ತಣ್ಣಗಿದ್ದರೂ ಡಬ್ಬಿಯ ಮುಚ್ಚಳದ ಮೇಲಿದ್ದ ಅಂಗೈ ಬೆವೆತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಕರ್ಚೀಫು ತೆಗೆದು ಮೂಗಿಗೆ ಹಿಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಬುಶ್ರಾ ತಟ್ಟನೆ ಬಗ್ಗಿ ಚೀಲದ ತಳ ಮುಟ್ಟಿ ನೋಡಿದಳು. ಒದ್ದೆಯಾಗಿರಲಿಲ್ಲ. ಆ ಹೆಂಗಸಿಗೆ ಬರೀ ನೆಗಡಿಯಾಗಿತ್ತು. ಉಣಕಲ್ ಕೆರೆ ಕಿಟಕಿಯಲ್ಲಿ ಬಂದು ಹೋಗುವಷ್ಟರಲ್ಲಿ ಅವಳು ಎರಡು ಸಲ ಸೀನಿ, ಎರಡು ಸಲವೂ ಬುಶ್ರಾಗೆ ‘ಸಾರಿ ರೀ’ ಎಂದಳು.

ಅವಳು ಕಲಿಸುವ ಮಾಳಮಡ್ಡಿಯ ಹುಡುಗಿಯರ ಶಾಲೆಯಲ್ಲಿ ಒಂದು ಗಾಜಿನ ಜಾಡಿ ಇದೆ. ಅದರ ಬಾಯಿಯಿಂದ ಕವಲೊಡೆದ ಕೊಳವೆ ಇಳಿಬಿದ್ದು, ಎರಡು ಕವಲಿಗೂ ಒಂದೊಂದು ಕೆಂಪು ಬಲೂನು. ಜಾಡಿಯ ತಳಕ್ಕೆ ಬಿಗಿದ ರಬ್ಬರಿನ ಹಾಳೆ. ಹಾಳೆ ಜಗ್ಗಿದರೆ ಬಲೂನು ಉಬ್ಬುತ್ತವೆ, ಬಿಟ್ಟರೆ ಕುಗ್ಗುತ್ತವೆ. ಹಾಳೆಯೆಂದರೆ ವಪೆ, ಬಲೂನೆಂದರೆ ಶ್ವಾಸಕೋಶ. ಎಷ್ಟೋ ವರ್ಷಗಳಿಂದ ಹತ್ತನೆಯ ಇಯತ್ತೆಯ ಹುಡುಗಿಯರು ಇದನ್ನೇ ನೋಡಿ ಹೋಗಿದ್ದಾರೆ. ವಪೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಜಾಡಿ ಸಾಕು, ಅದನ್ನು ಬುಶ್ರಾ ಒಪ್ಪುತ್ತಾಳೆ. ಆದರೆ ಮೊದಲ ಕಿರುಪರೀಕ್ಷೆಯಲ್ಲಿ ಸಾನ್ವಿ ಎಂಬ ಜಾಣ ಹುಡುಗಿ, ‘ಶ್ವಾಸಕೋಶಗಳು ಒಳಗೆ ಪೊಳ್ಳಾದ ಎರಡು ಚೀಲಗಳು’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ಪೊಳ್ಳು. ಆ ಶಬ್ದ ಬುಶ್ರಾಳನ್ನು ಸಿಟ್ಟಿಗೆಬ್ಬಿಸಿತು. ಅಬ್ಬಾನ ಮಟನ್ ಅಂಗಡಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಬೆಳೆದವಳು ಅವಳು. ಒತ್ತಿದರೆ ಸ್ಪಂಜಿನಂತೆ ಒಳಗಿನಿಂದ ಚರಚರ ಎನ್ನುವ, ನೀರಿಗೆ ಹಾಕಿದರೆ ಮುಳುಗದ, ಕೊಯ್ದಲ್ಲೆಲ್ಲ ಸಣ್ಣ ಸಣ್ಣ ಗೂಡು ಕಾಣುವ ಆ ವಸ್ತುವನ್ನು ಪೊಳ್ಳು ಎನ್ನುವುದೇ? ಅಂದೇ ಹೋಗಿ ಮುಖ್ಯಾಧ್ಯಾಪಕಿ ಕಾವೇರಿ ಮೇಡಂ ಅವರ ಮುಂದೆ ನಿಂತು, ಖರೇ ಶ್ವಾಸಕೋಶ ತಂದು ತೋರಿಸುತ್ತೇನೆ ಎಂದಳು.

ಕಾವೇರಿ ಮೇಡಂ ಮಾಂಸದ ವಾಸನೆಯೂ ಸುಳಿಯದ ಮನೆಗಳ ಮಾಳಮಡ್ಡಿಯಲ್ಲೇ ಹುಟ್ಟಿ, ಮಾಳಮಡ್ಡಿಯಲ್ಲೇ ಓದಿ, ಅಲ್ಲೇ ನಿವೃತ್ತಿಗೆ ಬಂದವರು. ಅವರು ಬರುವುದು ಗೊತ್ತಾಗುತ್ತಿದ್ದುದು ಚಪ್ಪಲಿಯ ಸಪ್ಪಳದಿಂದಲ್ಲ, ಎದೆಯ ಸಿಳ್ಳಿನಿಂದ. ದಮ್ಮಿನ ಉಪದ್ರವ ಅವರಿಗೆ ಮೊದಲಿನಿಂದಲೂ ಇತ್ತು. ವರಾಂಡದ ತುದಿಯಲ್ಲಿ ಆ ಸಣ್ಣ ಸಿಳ್ಳು ಕೇಳಿದರೆ ಇಡೀ ಶಾಲೆ ತೆಪ್ಪಗಾಗುತ್ತಿತ್ತು. ಅವರು ಬುಶ್ರಾ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿ, ಧಾರವಾಡದ ಆ ಮೆತ್ತನೆಯ ಮಾತಿನಲ್ಲಿ, “ಬ್ಯಾಡ ಅನ್ನಂಗಿಲ್ರಿ ನಾ. ನಿಮ್ಮ ಉತ್ಸಾಹ ಛಲೋ ಅದ. ಆದ್ರ ನಮ್ಮ ಕಡೆ ಹುಡುಗ್ಯಾರು, ನಿಮಗ ಗೊತ್ತದ,” ಎಂದರು. ‘ನಮ್ಮ ಕಡೆ’ ಎನ್ನುವಾಗ ಅವರ ಕೈ ತಾನಾಗಿಯೇ ಸೀರೆಯ ಸೆರಗಿನ ಕಡೆ ಹೋಯಿತು. ಆ ಮೇಲೆ, “ಒಲ್ಲೆ ಅನ್ನಾವ್ರಿಗೆ ಲೈಬ್ರರಿಗೆ ಹೋಗ್ಲಿಕ್ಕೆ ಬಿಡ್ರಿ. ನಾನೂ ಬಂದು ಹಿಂದ ಕೂಡ್ತೀನಿ. ಏನರೆ ಹೆಚ್ಚುಕಡಿಮಿ ಆತಂದ್ರ ಮತ್ತ ನಮ್ಮ ಜಾಡಿ ಇದ್ದೇ ಅದ,” ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಚ್ಚುಕಡಿಮೆ ಆಗುವುದಿಲ್ಲ ಎಂದು ಬುಶ್ರಾ ಹೇಳಿದಳು. ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಅವಳು ಯಾವ ಮಾತನ್ನೂ ಆಡುವವಳಲ್ಲ.

ಆದರೂ ಈ ಹೊತ್ತು ಅವಳಿಗೆ ಒಂದು ಅಳುಕಿತ್ತು. ಅದು ಹುಡುಗಿಯರ ಭಯವಲ್ಲ, ಕಾವೇರಿ ಮೇಡಂ ಅವರ ಭಯವೂ ಅಲ್ಲ. ಬೆಳಿಗ್ಗೆ ಹಳೇ ಹುಬ್ಬಳ್ಳಿಯ ಮಟನ್ ಅಂಗಡಿಯಲ್ಲಿ ಅಬ್ಬಾ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದ. ಅವಳ ಅಬ್ಬಾ ಅಮೀನಸಾಬ ಶಿರಗುಪ್ಪಿ ಹಳ್ಳಿಯಿಂದ ಬಂದು ಅಂಗಡಿ ಹಾಕಿದವನು. ಹಳ್ಳಿಯ ಕನ್ನಡವೇ ಮನೆಯ ಮಾತಾಗಿ ಉಳಿದಿತ್ತು. ಮಗಳು ಧಾರವಾಡದ ಶಾಲೆಗೆ ತನ್ನ ಅಂಗಡಿಯ ಪದಾರ್ಥ ಒಯ್ಯುತ್ತಾಳೆಂದು ಅವನು ಒಗೆದ ಅಂಗಿ ಹಾಕಿಕೊಂಡಿದ್ದ. “ಹಾಲಿನಂಗ ಮಾಡೇನಿ ನೋಡ ಬೇಟಾ. ಒಂದ ಹನಿ ರಕ್ತ ಉಳಿಸಿಲ್ಲ. ದೊಡ್ಡ ಗಿರಾಕಿಗೂ ಹಿಂಗ ಮಾಡಿಕೊಟ್ಟಿಲ್ಲ,” ಎಂದಿದ್ದ. ಬಸ್ಸಿಗೆ ಹೊತ್ತಾಗುತ್ತದೆಂದು ಅವಳು ಮುಚ್ಚಳ ತೆಗೆದು ನೋಡಲಿಲ್ಲ. ನಿಜ ಹೇಳಬೇಕೆಂದರೆ ಹೊತ್ತಾಗಿರಲಿಲ್ಲ. ಅವನ ಮುಂದೆ ತೆಗೆದು ನೋಡಿದ್ದರೆ ಅವನು ‘ಇದನ್ನ ಇಟಗೊಂಡ ಏನ ಮಾಡ್ತಿ’ ಎಂದು ಕೇಳುತ್ತಿದ್ದ. ಪಾಠಕ್ಕೆ ಎಂದಷ್ಟೇ ಹೇಳಿದ್ದಳು, ಹುಡುಗಿಯರಿಗೆ ತೋರಿಸಲಿಕ್ಕೆ. ಅದರೊಳಗೆ ಗಾಳಿ ಊದುತ್ತೇನೆ ಎಂದು ಹೇಳಿರಲಿಲ್ಲ. ಊದುವುದು ಎಂಬ ಶಬ್ದವನ್ನೇ ಅಬ್ಬಾನ ಮುಂದೆ ಆಡದೆ ಅವಳು ಇಷ್ಟು ದೊಡ್ಡವಳಾಗಿದ್ದಳು. ಆ ಪಂಪನ್ನು ಕೂಡ, ಆಡಿನ ತೊಗಲು ಬಿಡಿಸಲು ಅಂಗಡಿಯಲ್ಲಿದ್ದದ್ದು ಬೇಡವೆಂದು, ದುರ್ಗದಬೈಲಿನಲ್ಲಿ ಹೊಸದಾಗಿ ಕೊಂಡಿದ್ದಳು.

ಅವಳ ಅಜ್ಜ, ಕಮರುದ್ದೀನ ಮುತ್ಯಾ, ಬಾಯಿಂದಲೇ ಊದುತ್ತಿದ್ದ. ಶಿರಗುಪ್ಪಿಯಲ್ಲಿ ಯಾರ ಮನೆಯಲ್ಲಿ ಊಟದ ಕಾರ್ಯವಿದ್ದರೂ ಆಡು ಹಸನು ಮಾಡಲು ಅವನನ್ನೇ ಕರೆಯುತ್ತಿದ್ದರು. ಕೊಯ್ದ ಆಡಿನ ಹಿಂಗಾಲಿನ ಹತ್ತಿರ ತೊಗಲಿಗೆ ಸಣ್ಣ ಕಂಡಿ ಮಾಡಿ, ಅಲ್ಲಿಗೆ ತುಟಿಯಿಟ್ಟು ಊದಿದರೆ ತೊಗಲು ಮಾಂಸದಿಂದ ಬಿಟ್ಟು, ಇಡೀ ಆಡು ತುಂಬಿಕೊಂಡು ಏಳುತ್ತಿತ್ತು. ಆ ಮೇಲೆ ತೊಗಲು ಅಂಗಿ ಕಳಚಿದಂತೆ ಬಂದುಬಿಡುತ್ತಿತ್ತು. ಓಣಿಯ ಮಕ್ಕಳೆಲ್ಲ ಸುತ್ತ ನಿಲ್ಲುತ್ತಿದ್ದರು. ಆಡಿನ ಕಾಲು ಹಿಡಿದುಕೊಳ್ಳುವ ಮಾನ ಮಾತ್ರ ಮೊಮ್ಮಗಳಿಗೆ. ಒಮ್ಮೆ ಅವನು ತುಟಿ ಒರೆಸಿಕೊಂಡು, “ನೀ ಊದತಿ?” ಎಂದು ಕೇಳಿದ. ಅವಳು ಗಲ್ಲ ಉಬ್ಬಿಸಿ ಊದಿದಳು, ಏನೂ ಆಗಲಿಲ್ಲ. “ಗಲ್ಲದಿಂದ ಊದಬ್ಯಾಡ, ಹೊಟ್ಟಿಯಿಂದ ಊದು,” ಎಂದ. ಹೊಟ್ಟೆಯಿಂದ ಊದಿದಾಗ ಅವಳ ಅಂಗೈ ಕೆಳಗೆ ತೊಗಲು ನಿಧಾನವಾಗಿ ಎದ್ದಿತು. ಆ ವಯಸ್ಸಿನಲ್ಲಿ ಅವಳು ಮಾಡಿದ ಕೆಲಸಗಳಲ್ಲಿ ಅಷ್ಟು ದೊಡ್ಡದು ಯಾವುದೂ ಇರಲಿಲ್ಲ. ಹುಬ್ಬಳ್ಳಿಗೆ ಬಂದು ಶಾಲೆ ಸೇರಿದ ವರ್ಷ, ವಾರ್ಷಿಕೋತ್ಸವದ ಗ್ಯಾದರಿಂಗಿಗೆ ಬಲೂನು ಕಟ್ಟುವಾಗ ಟೀಚರು ‘ಯಾರ್ಯಾರಿಗೆ ಊದ್ಲಿಕ್ಕೆ ಬರ್ತದ’ ಎಂದು ಕೇಳಿದರೆ ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ಅವಳೇ. “ನಾ ಊದ್ತೇನ್ರಿ. ನಾ ಆಡ ಊದೇನ್ರಿ.” ಏನಂದಿ ಎಂದರು. ಅವಳು ಹುರುಪಿನಿಂದ ಎಲ್ಲ ಬಿಡಿಸಿ ಹೇಳಿದಳು, ತುಟಿ ಎಲ್ಲಿಡಬೇಕು ಎಂಬುದನ್ನೂ. ಟೀಚರು ಬೈಯಲಿಲ್ಲ. ಮೆತ್ತಗೆ, “ಹೊರಗಿನ ನಳಕ್ಕ ಹೋಗಿ ಬಾಯಿ ತೊಳಕೊಂಡ ಬಾ, ಹೋಗು,” ಎಂದರು. ಬಾಯಿ ತೊಳೆದು ಬಂದ ಮೇಲೆ ಅವಳಿಗೆ ಬಲೂನಿಗೆ ದಾರ ಕಟ್ಟುವ ಕೆಲಸ ಕೊಟ್ಟರು. ಉಳಿದವರು ಊದಿದರು. ಮುಂದೆ ಎಷ್ಟೋ ದಿವಸ ಅವಳು ವರ್ಗದೊಳಗೆ ಕಾಲಿಟ್ಟರೆ ಯಾರಾದರೊಬ್ಬರು ಗಲ್ಲ ಉಬ್ಬಿಸುತ್ತಿದ್ದರು.

ಅಂದಿನಿಂದ ಅವಳು ಯಾರ ಎದುರೂ ಏನನ್ನೂ ಊದಿಲ್ಲ, ಮನೆಯಲ್ಲಿ ಆ ಮಾತನ್ನೂ ಎತ್ತಿಲ್ಲ. ಮೇಣದಬತ್ತಿ ಊದಿಲ್ಲ, ಪೀಪಿ ಊದಿಲ್ಲ, ಬೋರ್ಡಿನಿಂದ ಮೇಜಿನ ಮೇಲೆ ಉದುರಿದ ಖಡುವಿನ ಪುಡಿ ಊದಿ ಹಾರಿಸಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾವನ್ನು ಬಶಿಗೆ ಸುರುವಿಕೊಂಡು ಊದಿ ಊದಿ ಕುಡಿಯುವಾಗ ಇವಳು ಕಪ್ಪನ್ನು ಹಾಗೇ ಇಟ್ಟುಕೊಂಡು, ಅದು ಆರಿ ಕೆನೆಗಟ್ಟಿದ ಮೇಲೆ ಒಂದೇ ಗುಟುಕಿಗೆ ಮುಗಿಸುತ್ತಾಳೆ. ಬುಶ್ರಾ ಟೀಚರಿಗೆ ಬಿಸಿ ಚಹಾ ಸೇರುವುದಿಲ್ಲ ಎಂದು ಶಾಲೆಯಲ್ಲಿ ಚಹಾ ತರುವ ಸಿಪಾಯಿ ದುರಗಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದಾನೆ. ಬಿಸಿ ಚಹಾ ಎಂದರೆ ಅವಳಿಗೆ ಪ್ರಾಣ. ಇದೆಲ್ಲ ಹುಚ್ಚು ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಎರಡು ಪದವಿ ಮಾಡಿದವಳು, ನಾಲ್ಕು ಮಂದಿಗೆ ಬುದ್ಧಿ ಹೇಳುವವಳು. ಆದರೆ ತುಟಿ ಮುಂದೆ ಬಂದ ಕೂಡಲೇ ನಳದ ತಣ್ಣನೆಯ ನೀರು ಗದ್ದಕ್ಕೆ ಇಳಿದಂತಾಗುತ್ತದೆ. ಅದಕ್ಕೇ ಪಂಪು. ಪಂಪಿದೆ, ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಯಿದೆ, ತನ್ನ ಬಾಯಿಗೆ ಇಲ್ಲಿ ಪಾಠ ಹೇಳುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಹಾಗೆಂದುಕೊಂಡು ಅವಳು ಧಾರವಾಡದಲ್ಲಿ ಇಳಿದು, ಆಟೋ ಹಿಡಿದು, ಚೀಲವನ್ನು ಎದೆಗವಚಿಕೊಂಡು ಶಾಲೆಯ ಗೇಟು ದಾಟಿದಳು.

ಲೈಬ್ರರಿಗೆ ಹೋಗುವವರು ಹೋಗಬಹುದು ಎಂದಾಗ ಮೂರು ಹುಡುಗಿಯರು ಎದ್ದು ಹೋದರು. ಹೋದವರು ಐದು ನಿಮಿಷದಲ್ಲಿ ಕಿಟಕಿಯ ಹೊರಗೆ ಪ್ರತ್ಯಕ್ಷರಾದರು. ಕಾವೇರಿ ಮೇಡಂ ಹಿಂದಿನ ಬೆಂಚಿನಲ್ಲಿ, ಕೈಯಲ್ಲಿ ಪರ್ಸು ಹಿಡಿದು ನೆಟ್ಟಗೆ ಕೂತಿದ್ದರು. ಪರ್ಸಿನಲ್ಲಿ ಅವರ ಇನ್ಹೇಲರ್ ಇರುತ್ತದೆ. ಬುಶ್ರಾ ಮೊದಲು ಬರೀ ಮಾತಿನಲ್ಲಿ ದಾರಿ ಹಿಡಿದಳು. ಮೂಗಿನ ಕೂದಲು ಧೂಳು ತಡೆಯುತ್ತದೆ, ಒಳಗಿನ ಪಸೆ ಉಳಿದದ್ದನ್ನು ಹಿಡಿಯುತ್ತದೆ, ಹೊರಗಿನ ತಂಪು ಗಾಳಿ ಗಂಟಲು ಮುಟ್ಟುವಷ್ಟರಲ್ಲಿ ಮೈಯ ಬಿಸಿಗೆ ಬಂದಿರುತ್ತದೆ. ಗಂಟಲಲ್ಲಿ ಅನ್ನಕ್ಕೊಂದು ದಾರಿ, ಗಾಳಿಗೊಂದು ದಾರಿ, ನಡುವೆ ಒಂದು ಮುಚ್ಚಳ. ಉಣ್ಣುವಾಗ ಹರಟೆ ಹೊಡೆದರೆ ನೆತ್ತಿಗೇರುವುದು ಅದಕ್ಕೇ. ಹೇಳುತ್ತ ಹೇಳುತ್ತ ಅವಳ ದನಿ ತನ್ನ ಹದಕ್ಕೆ ಬಂತು. “ಈಗ ಎಲ್ಲಾರೂ ಕುತ್ತಿಗಿ ಮುಂದ ಮುಟ್ಟಿ ನೋಡಿಕೊಳ್ರಿ. ಕೈಬಳಿ ಹಂಗ ಬಳಿ ಬಳಿ ಕೈಗೆ ಹತ್ತತಾವಿಲ್ಲೊ?” ಹತ್ತತಾವರಿ ಎಂದರು. “ಆ ಬಳಿ ಹಿಂದಿನ ಕಡೆ ಪೂರಾ ಕೂಡಿಲ್ಲ. ಯಾಕ? ಹಿಂದ ಅನ್ನದ ನಾಳ ಐತಿ, ತುತ್ತು ಇಳಿಯೂ ಮುಂದ ಅದಕ್ಕ ಜಾಗಾ ಬೇಕು.” ಎಲ್ಲರ ಕೈ ಕುತ್ತಿಗೆಯ ಮೇಲಿದ್ದಾಗಲೇ ಅವಳು ಡಬ್ಬಿಯ ಮುಚ್ಚಳ ತೆಗೆದು, ಅದನ್ನೆತ್ತಿ ಬಿಳಿ ಟ್ರೇಯಲ್ಲಿ ಇಟ್ಟಳು. ಯಾರೂ ಚೀರಲಿಲ್ಲ. ಸಾನ್ವಿ ಕುತ್ತಿಗೆಯಿಂದ ಕೈ ತೆಗೆಯದೆ ಎದ್ದು ನಿಂತಳು. ಅಬ್ಬಾ ಹೇಳಿದ್ದು ಖರೆ, ತೊಳೆದ ತೊಳೆತಕ್ಕೆ ಅದು ತಿಳಿಗುಲಾಬಿಯಾಗಿ, ಹೂವಿನಂಗಡಿಯಿಂದ ತಂದಂತೆ ಇತ್ತು.

ಪಂಪಿನ ಕೊಳವೆಯನ್ನು ಗಂಟಲ ನಾಳಕ್ಕೆ ಸಿಕ್ಕಿಸಿದಳು. ದುರಗಪ್ಪನನ್ನು ಪಂಪಿನ ಹತ್ತಿರ ನಿಲ್ಲಿಸಿದ್ದಳು. ಮೆಲ್ಲಗೆ ಒತ್ತು ಎಂದು ಹೇಳಿದ್ದರೂ ಅವನು ಲಾರಿಯ ಗಾಲಿಗೆ ಹೊಡೆದಂತೆ ಒಮ್ಮೆಲೇ ತುಳಿದ. ಪುಸ್ ಎಂದು ಎಡಗಡೆಯಿಂದ ಗುಲಾಬಿ ನೊರೆ ಎದ್ದು, ಅವನ ಖಾಕಿ ಅಂಗಿಯ ಮೇಲೆ ಉದ್ದಕ್ಕೆ ಸಿಡಿಯಿತು. ವರ್ಗಕ್ಕೆ ವರ್ಗವೇ ನಕ್ಕಿತು, ಕಿಟಕಿಯ ಹೊರಗಿನವರು ಇನ್ನೂ ಜೋರಾಗಿ. “ಹೊಡದ್ರ ನಿಲ್ಲವಲ್ದರಿ ಟೀಚರ್, ಪಂಚರ್ ಐತಿ,” ಎಂದು ದುರಗಪ್ಪ ಅಂಗಿ ಹಿಡಿದುಕೊಂಡು ಹೊರಗಿನ ನಳದ ಕಡೆ ಓಡಿದ. ಬುಶ್ರಾ ಶ್ವಾಸಕೋಶವನ್ನು ಮಗುಚಿ ನೋಡಿದಳು. ಎಡದ ಎರಡೂ ಹಾಲೆಗಳಲ್ಲಿ ಉದ್ದುದ್ದ ಸೀಳು. ಬಲದಲ್ಲಿ ಒಂದೇ ಒಂದು, ಬೆರಳಿನಷ್ಟಗಲ, ಗಿರಾಕಿ ಬಂದದ್ದಕ್ಕೆ ಕೆಲಸ ಅಲ್ಲಿಗೇ ಬಿಟ್ಟ ಹಾಗೆ. ಅವಳಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಮನೆಯಲ್ಲಿ ಹುರಿಯಲು ಶ್ವಾಸಕೋಶವನ್ನು ಫೆಪ್ಸಾ ಎಂದು ಕೇಳಿ ಒಯ್ಯುವವರಿಗೆ ಹೀಗೇ ಮಾಡಿಕೊಡುವುದು: ಅಲ್ಲಲ್ಲಿ ಸೀಳಿ, ನಳದ ಕೆಳಗೆ ಹಿಡಿದು, ಒಳಗಿನ ರಕ್ತವೆಲ್ಲ ಹೋಗಿ ನೀರು ತಿಳಿಯಾಗುವ ತನಕ ಹಿಂಡಿ ಹಿಂಡಿ ತೊಳೆಯುವುದು. ಮಾಳಮಡ್ಡಿಯವರ ಕಣ್ಣಿಗೆ ರಕ್ತ ಬೀಳಬಾರದೆಂದು ಅಬ್ಬಾ ಒಗೆದ ಅಂಗಿ ಹಾಕಿಕೊಂಡು, ತನಗೆ ಗೊತ್ತಿದ್ದ ಅತ್ಯಂತ ಮರ್ಯಾದೆಯ ಕೆಲಸ ಮಾಡಿದ್ದ. ಊದಲಿಕ್ಕೆ ಎಂದು ಒಂದು ಮಾತು ಹೇಳಿದ್ದರೆ ಅವನು ಚಾಕು ಮುಟ್ಟುತ್ತಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡಲು ನೋಡಿದಳು, ಆಗಲಿಲ್ಲ. ತನ್ನ ಮೇಲೆಯೇ ಬಂತು.

ಹಿಂದಿನ ಬೆಂಚಿನಿಂದ ಮೆತ್ತನೆಯ ದನಿ, “ಸಾಕು ಬಿಡ್ರಿ ಬುಶ್ರಾ ಅವರ. ಹುಡುಗ್ಯಾರು ನೋಡಿದ್ರಲ್ಲ, ತಿಳೀತು. ಆ ಜಾಡಿ ತರಸ್ಲೇನು?” ಎಂದಿತು. ಆ ದನಿಯಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ಬುಶ್ರಾಗೆ ಸಲೀಸಾಗುತ್ತಿತ್ತು. ಕರುಣೆಯಿತ್ತು. ಬಾಯಿ ತೊಳೆದುಕೊಂಡು ಬಾ ಎಂದ ದನಿಯಲ್ಲಿಯೂ ಕರುಣೆಯೇ ಇತ್ತಲ್ಲ. ಜಾಡಿ ಬಂದರೆ ಕೆಂಪು ಬಲೂನು ಉಬ್ಬುತ್ತವೆ, ಕುಗ್ಗುತ್ತವೆ, ಗಂಟೆ ಹೊಡೆಯುತ್ತದೆ, ಮತ್ತೆ ಯಾವ ವರ್ಷವೂ ಯಾರೂ ಈ ಕೊಠಡಿಗೆ ಖರೇ ಶ್ವಾಸಕೋಶ ತರುವುದಿಲ್ಲ. ಸಾನ್ವಿ ದೊಡ್ಡವಳಾಗಿ ತನ್ನ ಮಕ್ಕಳಿಗೂ ಪೊಳ್ಳು ಎಂದೇ ಹೇಳುತ್ತಾಳೆ. ಏನು ಮಾಡಬೇಕೆಂಬುದು ಬುಶ್ರಾಳ ಕೈಗೆ ಅವಳಿಗಿಂತ ಮೊದಲೇ ಗೊತ್ತಿತ್ತು: ಎಡದ ಕವಲನ್ನು ದಾರದಿಂದ ಬಿಗಿಯಬೇಕು, ಬಲದ ಒಂದು ಸೀಳನ್ನು ಬೆರಳಿನಿಂದ ಮುಚ್ಚಬೇಕು. ಆಮೇಲೆ ಪಂಪು ನಡೆಯುವುದಿಲ್ಲ. ಪಂಪಿಗೆ ಒಂದೇ ಭಾಷೆ, ತಳ್ಳುವುದು; ಎಲ್ಲಿ ತಡೆಯುತ್ತಿದೆ, ಎಲ್ಲಿ ನಿಲ್ಲಿಸಬೇಕು ಎಂಬುದು ಅದಕ್ಕೆ ತಿಳಿಯದು, ಇದ್ದೊಂದು ಸೀಳನ್ನು ಹರಿದು ದೊಡ್ಡದು ಮಾಡೀತು. ಅದು ತಿಳಿಯುವುದು ಬಾಯಿಗೆ. “ಜಾಡಿ ಬ್ಯಾಡ್ರಿ ಮೇಡಂ,” ಎಂದಳು. ತನ್ನ ದನಿ ಇಷ್ಟು ನೆಟ್ಟಗೆ ಬಂದದ್ದು ಅವಳಿಗೇ ಹಿಡಿಸಿತು.

ದಾರ ಕಟ್ಟುವುದರಲ್ಲಿ ಅವಳದು ಪಳಗಿದ ಕೈ. ಎಡದ ಕವಲು ಬಿಗಿದಳು, ಕೊಳವೆಯನ್ನು ಪಂಪಿನಿಂದ ಕಿತ್ತಳು, ಗಂಟಲ ನಾಳದೊಳಗೆ ಇನ್ನಷ್ಟು ತಳ್ಳಿ ಅಲ್ಲಿಯೂ ಬಿಗಿದಳು. ಒಂದು ಕೈಯಲ್ಲಿ ನಾಳ, ಇನ್ನೊಂದರಲ್ಲಿ ಶ್ವಾಸಕೋಶ. ಸೀಳು ಮುಚ್ಚಲು ಮೂರನೆಯ ಕೈ ಇಲ್ಲ. “ಯಾರರೆ ಒಬ್ಬರು ಬಂದು ಇಲ್ಲೆ ಒಂದು ಬೆರಳ ಒತ್ತಿ ಹಿಡೀರಿ,” ಎಂದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮೇಲೆ ಎಲ್ಲರೂ ಹಿಂದೆ ತಿರುಗಿ ಕಾವೇರಿ ಮೇಡಂ ಅವರನ್ನು ನೋಡಿದರು. ಮುಟ್ಟಬಹುದೋ ಬಾರದೋ ಎಂದು ಹೇಳುವವರು ಅವರೇ. ಕಾವೇರಿ ಮೇಡಂ ಎದ್ದರು. ಪಾಠ ಮುಗಿಯಿತು ಎಂದು ಹೇಳಲು ಎದ್ದರೆಂದೇ ಬುಶ್ರಾ ಅಂದುಕೊಂಡಳು. ಅವರು ಪರ್ಸನ್ನು ಬೆಂಚಿನ ಮೇಲಿಟ್ಟು, ಬಳೆಗಳನ್ನು ಮೊಳಕೈಗೆ ಸರಿಸಿ, ಸೆರಗು ಸಿಕ್ಕಿಸಿ, ಎದೆಯ ಸಣ್ಣ ಸಿಳ್ಳಿನೊಂದಿಗೆ ಸಾಲುಗಳ ನಡುವೆ ನಡೆದು ಬಂದರು. “ಎಲ್ಲೆ ಹಿಡೀಬೇಕು?” ಎಂದರು. ಬುಶ್ರಾ ತೋರಿಸಿದಳು. ಬೆರಳು ಇಡುವಾಗ ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. “ತಣ್ಣಗದ,” ಎಂದರು. ಆ ಮೇಲೆ, “ಊದ್ರಿ,” ಎಂದರು.

ಕೊಳವೆ ತುಟಿಗೆ ತಾಗಿತು. ಎದುರಿಗೆ ಅಷ್ಟೂ ಹುಡುಗಿಯರ ಕಣ್ಣು ಇವಳ ಬಾಯಿಯ ಮೇಲಿದ್ದವು. ನಳದ ನೀರು ಗದ್ದಕ್ಕೆ ಇಳಿಯಿತು, ಇಳಿಯಲಿ ಎಂದುಕೊಂಡಳು. ಮೊದಲ ಸಲ ಗಾಳಿ ಗಲ್ಲದಲ್ಲೇ ನಿಂತಿತು, ಗಲ್ಲ ಎರಡೂ ಉಬ್ಬಿದವು, ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಲ್ಲದಿಂದ ಬ್ಯಾಡ. ಕೈಯಲ್ಲಿ ಆಡಿನ ಕಾಲು ಬೆಚ್ಚಗಿತ್ತು, ಮುತ್ಯಾನ ಗಡ್ಡಕ್ಕೆ ಬೀಡಿಯ ವಾಸನೆಯಿತ್ತು, ಓಣಿಯ ಮಕ್ಕಳು ತೆಪ್ಪಗೆ ನಿಂತಿದ್ದರು. ಹೊಟ್ಟೆಯಿಂದ ಊದು. ಅವಳು ಹೊಟ್ಟೆಯಿಂದ ಊದಿದಳು. ತುಟಿಗೆ ಒಂದು ತಡೆ ಸಿಕ್ಕಿತು, ಬಾಗಿಲ ಹಿಂದೆ ಯಾರೋ ನಿಂತಂತೆ. ಅವಸರ ಮಾಡದೆ ಒತ್ತಿದಳು, ತಡೆ ಸಡಿಲಿತು. ಬಲದ ಮೇಲಿನ ಹಾಲೆ ಮೊದಲು ಎದ್ದಿತು, ಕೆಳಗಿನದು ಚುಕ್ಕೆ ಚುಕ್ಕೆಯಾಗಿ ಬಣ್ಣ ತಿಳಿಯಾಗುತ್ತ ತುಂಬಿತು, ಅಂಚಿನ ಮುದ್ದೆ ಕೂಡ ಕೊನೆಗೆ ಬಿಚ್ಚಿಕೊಂಡಿತು. ಟ್ರೇಯಲ್ಲಿ ಅಂಗೈಯಗಲ ಬಿದ್ದಿದ್ದದ್ದು ಎರಡು ಕೈಗೂ ಮೀರಿ ದೊಡ್ಡದಾಗುತ್ತ ಹೋಯಿತು. ಯಾರೂ ಕಿಸಕ್ಕೆನ್ನಲಿಲ್ಲ. ಕಿಟಕಿಯ ಹೊರಗಿನ ಮೂವರು ಯಾವಾಗಲೋ ಒಳಗೆ ಬಂದು ಬಾಗಿಲಲ್ಲಿ ನಿಂತಿದ್ದರು.

ಅವಳು ಬಾಯಿ ತೆಗೆದಳು. ಶ್ವಾಸಕೋಶ ತಾನಾಗಿಯೇ ನಿಟ್ಟುಸಿರು ಬಿಟ್ಟು, ಆ ಗಾಳಿ ಅವಳ ಮುಖಕ್ಕೆ ತಾಗಿತು. “ಯಾರರೆ ಒತ್ತಿದರೇನು?” ಇಲ್ರಿ ಎಂದರು. “ನೋಡ್ರಿ, ಉಸರ ಒಳಗ ತಗೊಳ್ಳಾಕ ವಪೆ ದುಡೀಬೇಕು, ಪಕ್ಕಡಿ ಎಲುಬು ದುಡೀಬೇಕು. ಬಿಡಾಕ ಯಾರೂ ದುಡಿಯೂದು ಬೇಕಾಗಿಲ್ಲ, ಜಗ್ಗಿದ್ದು ತಾನ ಮೊದಲಿನಂಗ ಆಗತೈತಿ. ಪೂರಾ ಖಾಲಿ ಮಾತ್ರ ಯಾವಾಗೂ ಆಗಂಗಿಲ್ಲ. ಎಷ್ಟು ಬಿಟ್ಟರೂ ಒಳಗ ಒಂದಿಷ್ಟು ಉಳಿದ ಇರತೈತಿ.” ಒಳಗಿನ ಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಈ ವರ್ಗದ ನೆಲ ಮುಚ್ಚಿ ಇನ್ನೂ ಉಳಿದೀತು, ಹಾಸಲು ಅಷ್ಟಿರುವುದನ್ನು ಪೊಳ್ಳು ಅನ್ನುತ್ತಾರೆಯೇ ಎಂದು ಕೇಳಿದಳು. ಸಾನ್ವಿ ತಲೆ ತಗ್ಗಿಸಿ ನಕ್ಕಳು. ಆಗ ಪಕ್ಕದಿಂದ, ಬೆರಳನ್ನು ಅಲ್ಲಿಂದ ತೆಗೆಯದೆಯೇ, ಕಾವೇರಿ ಮೇಡಂ ಹೇಳಿದರು: “ಬಿಡೂದು ಎಲ್ಲಾರಿಗೂ ಹಂಗ ಇರಂಗಿಲ್ರಿ.” ಪಾಠದ ಭರದಲ್ಲಿದ್ದ ಬುಶ್ರಾ ಹಿಂದುಮುಂದು ನೋಡದೆ, ಖರೆ, ಕೊಳವೆ ಸಣ್ಣದಾದರೆ ಹೀಗಾಗುತ್ತದೆ ಎಂದು ಮತ್ತೊಮ್ಮೆ ತುಂಬ ಊದಿ, ನಾಳವನ್ನು ಎರಡು ಬೆರಳ ನಡುವೆ ಹಿಚುಕಿ ಹಿಡಿದಳು. ಒಳಗಿನ ಗಾಳಿ ಹೊರಗೆ ಬರಲು ತಿಣುಕಿತು. ಬಹಳ ಹೊತ್ತು, ಎಳೆ ಎಳೆಯಾಗಿ, ಸಣ್ಣ ಸಿಳ್ಳು ಹೊಡೆಯುತ್ತ ಬಂತು.

ಆ ಸಿಳ್ಳು ಇಡೀ ವರ್ಗಕ್ಕೆ ಗೊತ್ತಿದ್ದ ಸಿಳ್ಳು. ವರಾಂಡದ ತುದಿಯಿಂದ ದಿನಾ ಕೇಳಿಸುವುದು. ಯಾರೂ ನಗಲಿಲ್ಲ, ನಗದೆ ಇದ್ದದ್ದೇ ಬುಶ್ರಾಗೆ ಇನ್ನಷ್ಟು ಕಷ್ಟವಾಯಿತು. ನಾಲ್ಕು ಮಂದಿಯ ಮುಂದೆ ಒಬ್ಬರ ಮೈಯೊಳಗಿನದನ್ನು ತೆಗೆದು ಟ್ರೇಯಲ್ಲಿಟ್ಟು ತೋರಿಸಿದಂತಾಯಿತಲ್ಲ, ತನಗೆ ಆದದ್ದನ್ನೇ ತಾನು ಇವರಿಗೆ ಮಾಡಿದೆನಲ್ಲ ಎಂದು ಅವಳ ಕಿವಿ ಬಿಸಿಯಾದವು. ಕಾವೇರಿ ಮೇಡಂ ಅವರ ಮುಖ ನೋಡಲು ಧೈರ್ಯ ಸಾಲದೆ ಅವರ ಬೆರಳನ್ನೇ ನೋಡಿದಳು. ಬೆರಳು ಅಲುಗಲಿಲ್ಲ. ಸಿಳ್ಳು ಮುಗಿಯುವ ತನಕ ಅದು ಅಲ್ಲೇ ಇತ್ತು. “ಇನ್ನೊಮ್ಮೆ ಊದ್ರಿ,” ಎಂದರು ಅವರು, “ಹಿಂದಿನ ಸಾಲಿಗೆ ಕಾಣಿಸಿರ್ಲಿಕ್ಕಿಲ್ಲ.”

ಗಂಟೆ ಹೊಡೆದ ಮೇಲೆ ಇಬ್ಬರೂ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಹೊರಗೆ ಬಂದರು. “ಆ ಡಬ್ಬಿ ಸ್ಟಾಫ್ ರೂಮಿನಾಗ ಬ್ಯಾಡ್ರಿ, ಹೊರಗಿನ ನಳದಾಗ ತೊಳೀರಿ,” ಎಂದರು ಕಾವೇರಿ ಮೇಡಂ, ಅದೇ ಮೆತ್ತನೆಯ ಮಾತಿನಲ್ಲಿ. ಒಂದು ಗಳಿಗೆ ಬುಶ್ರಾಳ ಒಳಗೆ ಹಳೆಯದೆಲ್ಲ ಎದ್ದು ನಿಂತಿತು. ಆದರೆ ಅವಳಿಗೆ ನಗು ಬಂತು. “ಹಂಗಾರ ನೀವೂ ಅಲ್ಲೇ ಬರಬೇಕಲ್ರಿ ಮೇಡಂ,” ಎಂದಳು. ಕಾವೇರಿ ಮೇಡಂ ತಮ್ಮ ಬೆರಳು ನೋಡಿಕೊಂಡರು. ಬಂದರು. ನಳದ ಹತ್ತಿರ ದುರಗಪ್ಪ ಬರಿಯ ಬನಿಯನ್ನಿನಲ್ಲಿ ಅಂಗಿ ಹಿಂಡುತ್ತ ನಿಂತಿದ್ದವನು ಇವರನ್ನು ಕಂಡು ಗಾಬರಿಯಾಗಿ ಗೋಡೆಯ ಮರೆಗೆ ಸರಿದ. ಅಲ್ಲಿಂದಲೇ, “ಟೀಚರ್, ಅದನ್ನ ಚೆಲ್ಲಬ್ಯಾಡ್ರಿ ಮತ್ತ, ನಮ್ಮ ನಾಯಿಗೆ ಆಗತೈತಿ,” ಎಂದ. ಬುಶ್ರಾ ನಳ ತಿರುವಿ ಸಾಬೂನು ಕೊಟ್ಟಳು. ಕಾವೇರಿ ಮೇಡಂ ಬಹಳ ಹೊತ್ತು ಕೈ ತೊಳೆದರು. ತೊಳೆಯುತ್ತ, ಅವಳ ಕಡೆ ನೋಡದೆ, “ಡಾಕ್ಟರು ಪ್ರತೀ ಸಲ ಊದ್ರಿ, ಪೂರಾ ಬಿಡ್ರಿ ಅಂತಾರ. ನನಗ ತಗೊಳ್ಳಿಕ್ಕೆ ತ್ರಾಸ ಆಗ್ಲಿಕ್ಕತ್ತದ, ಇವರು ಬಿಡ್ರಿ ಅಂತಾರಲ್ಲಾ ಅಂತ ಸಿಟ್ಟು ಬರ್ತಿತ್ತು. ಹಳೇದು ಒಳಗ ಸಿಕ್ಕೊಂಡ ಕೂತಿರ್ತದ, ಹೊಸಾದು ಎಲ್ಲೆ ಹೋಗಬೇಕು,” ಎಂದರು.  ಬುಶ್ರಾ ಡಬ್ಬಿಯನ್ನು ಚೆನ್ನಾಗಿ ಉಜ್ಜಿದಳು. ನೀರು ತಣ್ಣಗಿತ್ತು, ಅಷ್ಟೇ.

ಅಬ್ಬಾನ ಫೋನು ಬಂತು. ಅವನು ಅಂಗಡಿಯ ಗದ್ದಲದ ನಡುವೆ ದೊಡ್ಡ ದನಿಯಲ್ಲಿ, “ಹೆಂಗ ಆತ ಬೇಟಾ? ಸ್ವಚ್ಛ ಇತ್ತಿಲ್ಲೊ? ಏನರೆ ಅಂದರೇನು?” ಎಂದು ಕೇಳಿದ.

“ಭಾಳ ಸ್ವಚ್ಛ ಇತ್ತು. ಮುಂದಿನ ವರ್ಷ ಕೊಯ್ಯಬ್ಯಾಡ ಅಬ್ಬಾ, ಇಡೀದು ಬೇಕು. ಊದಾಕ.”

ಆ ಕಡೆ ಕತ್ತಿಯ ಸಪ್ಪಳ ನಿಂತಿತು. “ಊದಾಕ? ಮೊದಲ ಹೇಳಬಾರದನ. ಕೊಯ್ದದ್ದನ್ನ ಯಾರ ಊದಿದ್ರು ಮತ್ತ?”

“ನಾನ ಊದಿದೆ.”

 “ಹೊಟ್ಟಿಯಿಂದ ಊದಿದಿ?” ಎಂದು ಅವನು ಕೇಳಿದ. ಹೂಂ ಎಂದಳು.

ಸ್ಟಾಫ್ ರೂಮಿನಲ್ಲಿ ಒದ್ದೆ ಅಂಗಿಯ ದುರಗಪ್ಪ ಚಹಾ ತಂದ. ಎಲ್ಲರಿಗೂ ಹೊಗೆಯಾಡುವ ಕಪ್ಪು ಕೊಟ್ಟು, ಬುಶ್ರಾ ಟೀಚರದನ್ನು ಎಂದಿನಂತೆ ಆರಲೆಂದು ಕಿಟಕಿಯ ಕಟ್ಟೆಯ ಮೇಲೆ ಇಡಹೋದ. ಅವಳು ಕೈ ಚಾಚಿ ಇಸಿದುಕೊಂಡಳು. ಚಹಾವನ್ನು ಬಶಿಗೆ ಸುರುವಿದಳು, ಅಂಚಿನ ತನಕ. ಎದುರಿನ ಕುರ್ಚಿಯಲ್ಲಿ ಕಾವೇರಿ ಮೇಡಂ ತಮ್ಮ ಬಶಿಯನ್ನು ಬಾಯಿಯ ಹತ್ತಿರ ಹಿಡಿದವರು, ಹಾಗೇ ಹಿಡಿದುಕೊಂಡು ಇವಳನ್ನು ನೋಡಿದರು. ಬುಶ್ರಾ ಎರಡೂ ಕೈಯಲ್ಲಿ ಬಶಿ ಎತ್ತಿ, ತುಟಿ ಮುಂದೆ ಮಾಡಿ, ಸಾವಕಾಶವಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಊದಿದಳು. ಹೊಗೆ ಅತ್ತ ಸರಿಯಿತು. ಬಿಸಿಬಿಸಿಯಾಗಿ ಕುಡಿದಳು.